ಬಾಗಿಲಲ್ಲಿ ಹೇಳುವ ಮಾತು

ಜನವರಿ 22, ಮಂಗಳವಾರ

ಬೆಳಿಗ್ಗೆ ಮತ್ತೆ ಅದೇ. ಬ್ರೆಡ್ ತರಲು ಹೊರಟಿದ್ದೆ. ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಸೊಸೆ ಫುಮಿಯೆ ಅಡ್ಡ ನಿಂತು ಕೇಳುತ್ತಾಳೆ, “ಅತ್ತೆ, ಇನ್ನೂ ಹೊಸ್ತಿಲು ದಾಟಿಲ್ಲ. ಆಗ್ಲೇ ‘ಹೋದೆ’ ಅಂತೀರಲ್ಲ, ಯಾಕೆ?”

ಯಾಕೆ ಅಂದರೆ... ನಮ್ಮ ಆರ್ಮೇನಿಯಾದ ಗ್ಯುಮ್ರಿಯಲ್ಲಿ ಹುಟ್ಟಿದ ಯಾರೂ ಇಂಥದ್ದನ್ನು ಕೇಳಿಲ್ಲ. ‘ಹೋದೆ’ ಅನ್ನುತ್ತೇವೆ, ಹೋಗುತ್ತೇವೆ. ಅಷ್ಟೆ.

ಅವಳ ಜಪಾನಿನಲ್ಲಿ ‘ಹೋಗಿ ಬರ್ತೀನಿ’ ಅನ್ನಬೇಕಂತೆ. ಒಳಗಿದ್ದವರು ‘ಹೋಗಿ ಬಾ’ ಅನ್ನಬೇಕಂತೆ. ತಿರುಗಿ ಬಂದವರು ‘ಈಗ ಬಂದೆ’, ಒಳಗಿನವರು ‘ಬಂದೆಯಾ’. ಒಂದು ಬ್ರೆಡ್ಡಿಗೆ ಇಷ್ಟು ಮಾತು. ಮದುವೆಯಾಗಿ ಬಂದಾಗಿನಿಂದ ಇವಳು ಬಾಗಿಲಲ್ಲಿ ಏನೋ ಗುನುಗುತ್ತಿದ್ದಳು. ಪ್ರಾರ್ಥನೆ ಅಂದುಕೊಂಡಿದ್ದೆ.

ನಮ್ಮ ಭಾಷೆಯನ್ನೂ ಅವಳ ಭಾಷೆಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಅವಳ ಓದು, ಅವಳ ಕೆಲಸ. ನಡೆಸಲಿ. ನನ್ನ ಬೂಟಿನ ಹೊತ್ತಿನಲ್ಲಿ ಬೇಡ.

ಜನವರಿ 25

ಮೀನು ಕೊಳ್ಳಲು ಜೊತೆಗೆ ಕರೆದುಕೊಂಡು ಹೋದದ್ದೇ ತಪ್ಪಾಯಿತು. ಊಟಕ್ಕೆ ಕೂತಾಗ ವಿಚಾರಣೆ. “ಅತ್ತೆ, ಮೀನು ಹಳೇದು ಅಂತ ಅವನಿಗೆ ಅಷ್ಟು ಬೈದ್ರಿ. ಆಮೇಲೆ ‘ನಿನ್ನ ನೋವು ನನಗೆ ಬರಲಿ ಕಣಪ್ಪ’ ಅಂದ್ರಿ. ಅವನ ನೋವು ನಿಮಗ್ಯಾಕೆ?”

ನಾವು ಅನ್ನುವುದೇ ಹಾಗೆ. ಮೀನಿನವನಿಗೂ, ಮಗುವಿಗೂ. ಇವಳೋ, ಕುರ್ಚಿಗೆ ಕಾಲು ತಾಗಿದರೆ ಕುರ್ಚಿಯ ಕ್ಷಮೆ ಕೇಳುತ್ತಾಳೆ. ಚಹಾ ಕೊಟ್ಟರೆ ಅದಕ್ಕೂ ಕ್ಷಮೆ. ನಮ್ಮ ಭಾಷೆ ಕಿಟಕಿ ತೆಗೆದ ಮನೆ, ತನ್ನದು ಪರದೆ ಎಳೆದ ಮನೆ ಅಂತ ಅವಳೇ ಅಂದಳು. ನನ್ನ ಮಗ ಗೆಘಾಮ್ ನಕ್ಕ. ಕಲ್ಲು ಕೆತ್ತುವವನು, ಹೆಂಡತಿ ಏನು ಹೇಳಿದರೂ ನಗುತ್ತಾನೆ.

ನನಗೆ ನಗು ಬರಲಿಲ್ಲ. ಎರಡೂ ಮನೆಗಳ ನಡುವೆ ಮೊಮ್ಮಗಳು ನಾರೆ ಕೂತಿದ್ದಳು, ಬಾಯಲ್ಲಿ ಚಮಚ. ಡಿಸೆಂಬರಿಗೆ ಮೂರು ತುಂಬಿತು. ಇವತ್ತಿನವರೆಗೆ ಒಂದು ಮಾತಿಲ್ಲ. ಕಿವಿ ಸರಿ ಇದೆ, ಡಾಕ್ಟರ್ ನೋಡಿದ್ದಾರೆ. ಕರೆದರೆ ಓಡಿ ಬರುತ್ತಾಳೆ. ಬಂದು ಸುಮ್ಮನೆ ನಿಲ್ಲುತ್ತಾಳೆ.

ಜನವರಿ 30

ಶಿಶುವಿಹಾರದಿಂದ ಫೋನ್. ಬೇರೆ ಮಕ್ಕಳು ಪದ್ಯ ಹೇಳುತ್ತವೆ, ನಿಮ್ಮದು ಗೋಡೆ ನೋಡುತ್ತದೆ. ಮನೆಯಲ್ಲಿ ಎರಡು ಭಾಷೆಯಲ್ಲವೇ, ಮಗುವಿಗೆ ದಾರಿ ತಪ್ಪಿರಬೇಕು ಎಂದಳು ಅಲ್ಲಿನ ಮುಖ್ಯಸ್ಥೆ. ನಾನು ಓದಿದ್ದು ಹತ್ತನೇ ಕ್ಲಾಸು. ಆದರೆ ಕಾಲುಚೀಲದ ಕಾರ್ಖಾನೆಯಲ್ಲಿ ಒಂದು ಪಾಳಿಯ ಹೆಂಗಸರನ್ನೆಲ್ಲ ನಡೆಸಿದವಳು. ಒಂದು ಯಂತ್ರಕ್ಕೆ ಎರಡು ಬಣ್ಣದ ನೂಲು ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಗೊತ್ತು.

ರಾತ್ರಿ ಊಟದಲ್ಲಿ ಹೇಳಿದೆ: “ಈ ಮನೇಲಿ ಇನ್ಮೇಲೆ ಒಂದೇ ಭಾಷೆ. ನಮ್ಮದು.”

ಗೆಘಾಮ್ ಬಾಯಿ ತೆರೆದ. ನೋಡಿದೆ. ಮುಚ್ಚಿದ. ಫುಮಿಯೆ ತಲೆ ತಗ್ಗಿಸಿ “ಆಯ್ತು ಅತ್ತೆ” ಎಂದಳು. ಜಗಳಕ್ಕೆ ಸಿದ್ಧವಾಗಿ ಕೂತಿದ್ದೆ. ಎದುರಿಗೆ ಯಾರೂ ಇರಲಿಲ್ಲ.

ಫೆಬ್ರವರಿ 3

ಮನೆ ಶಾಂತ. ಒಳ್ಳೆಯದು.

ಫೆಬ್ರವರಿ 14

ನಿನ್ನೆ ಸಂಜೆ ಚರ್ಚಿನ ಅಂಗಳದಲ್ಲಿ ಬೆಂಕಿ ಹಾರುವ ಹಬ್ಬ. ಹೊಸದಾಗಿ ಮದುವೆಯಾದ ಜೋಡಿಗಳು ಬೆಂಕಿಯ ಮೇಲಿಂದ ಹಾರಿದವು, ಊರೆಲ್ಲ ಕೂಗಿತು. ನಮ್ಮ ಮನೆಯ ಇಬ್ಬರು, ತಾಯಿ ಮತ್ತು ಮಗಳು, ಕೈ ಕೈ ಹಿಡಿದು ಬೆಂಕಿ ನೋಡುತ್ತ ನಿಂತಿದ್ದರು. ಇಬ್ಬರದೂ ತುಟಿ ಮುಚ್ಚಿತ್ತು.

ಮೊದಲು ಒಂದು ಮೂಕಿ. ಈಗ ಎರಡು.

ಬರುವಾಗ ಗೆಘಾಮನನ್ನು ಕೇಳಿದೆ. ನಿನ್ನ ಹೆಂಡತಿಗೆ ಏನು ರೋಗ, ಪುಸ್ತಕದ ಹಾಗೆ ಆರ್ಮೇನಿಯನ್ ಮಾತಾಡುವವಳು, ಮಗುವಿನ ಜೊತೆ ಆಡಬಾರದೇ? ಹಿಮದಲ್ಲಿ ನಿಂತುಬಿಟ್ಟ. ನಗಲಿಲ್ಲ. “ಅವಳಿಗೆ ನಮ್ಮ ಭಾಷೇಲಿ ಪಾಠ ಮಾಡೋಕೆ ಬರುತ್ತಮ್ಮ. ಮುದ್ದು ಮಾಡೋಕೆ ಬರಲ್ಲ.”

ಕಲಿಯಲಿ ಎಂದೆ. ಅವನು ಮುಂದೆ ನಡೆದ. ನನ್ನ ಮಗ. ನನಗೆ ಬೆನ್ನು ಹಾಕಿ.

ಫೆಬ್ರವರಿ 19, ಮಧ್ಯಾಹ್ನ

ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ತಾಯಿ ಮಗಳಿಬ್ಬರೂ ಕೈಯಲ್ಲಿ ಮಾತಾಡುತ್ತಿದ್ದಾರೆ. ಕೆನ್ನೆಗೆ ಎರಡು ಬೆರಳು ಇಟ್ಟರೆ ಹಾಲು. ಅಂಗೈ ತಿರುಗಿಸಿದರೆ ಬೇಡ. ಹುಬ್ಬು ಗಂಟಿಕ್ಕಿ, ಗಲ್ಲ ಮುಂದೆ ಚಾಚಿದರೆ...

ಅದು ನಾನು.

ಕೆಳಗಿನ ಮನೆಯ ಅಜ್ನಿವ್ ಕಾಫಿಗೆ ಬಂದಿದ್ದಳು. ಅವಳೂ ನೋಡಿದಳು. ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡಳು. ಸೊಸೆ ಬಾಯಿ ಬಿಡುವುದಿಲ್ಲ ಅಂತ ನಾನಂದರೆ, “ಅಳ್ತೀಯ ಅದಕ್ಕೆ? ನನ್ನ ಸೊಸೇನ ಒಂದು ವಾರ ಇಟ್ಕೋ, ಆಮೇಲೆ ಹೇಳು” ಎಂದಳು. ಹೋಗುವಾಗ ಮೆಟ್ಟಿಲಲ್ಲಿ ದನಿ ತಗ್ಗಿಸಿದಳು. “ನಮ್ಮ ಅಜ್ಜಿಯರ ಕಾಲದ ಅತ್ತೆ ಆಗ್ಬಿಟ್ಟೆ ಕಣೇ ವಾರ್ಸೆನಿಕ್. ಸೊಸೆ ಬಾಯಿಗೆ ಬಟ್ಟೆ ಕಟ್ಟಿದ್ದೀಯ.”

ಬಾಗಿಲು ಹಾಕಿಕೊಂಡೆ. ಸ್ವಲ್ಪ ಜೋರಾಗಿಯೇ.

ಫೆಬ್ರವರಿ 20

ನಿದ್ದೆ ಇಲ್ಲ. ಅಜ್ನಿವ್‌ಗೆ ನಾಲಿಗೆ ಮೇಲೆ ಹಿಡಿತವೇ ಇಲ್ಲ.

ನನ್ನ ಅಜ್ಜಿ ಹಾಗೇ ಬದುಕಿದ್ದಳು. ಮೂಗಿನ ಕೆಳಗೆ ಬಟ್ಟೆ, ಅತ್ತೆಯ ಎದುರು ಮಾತಿಲ್ಲ, ಬೇಕಾದ್ದನ್ನೆಲ್ಲ ಕೈಯಲ್ಲಿ ಹೇಳುವುದು. ಮೊದಲ ಮಗು ಹುಟ್ಟಿದ ಮೇಲೂ ಹಾಗೇ. ಕೊನೆಗೊಂದು ದಿನ ಅತ್ತೆ ಬೆಳ್ಳಿಯ ಸೊಂಟಪಟ್ಟಿ ಕೊಟ್ಟು ‘ಮಾತಾಡು’ ಅಂದಳಂತೆ. ಅದೇ ರೂಢಿ. ಬಾಯಿ ಕಟ್ಟಿಸಿದವಳೇ ಏನಾದರೂ ಕೊಟ್ಟು ಬಿಡಿಸಬೇಕು. ಅಜ್ಜಿ ಈ ಕಥೆ ಹೇಳುವಾಗ ನಾನು ಸೋವಿಯತ್ ಕಾಲದ ಕೆಂಪು ಸ್ಕಾರ್ಫಿನ ಸ್ಕೂಲು ಹುಡುಗಿ. ಎಂಥ ಕತ್ತಲೆಯ ಕಾಲ ಅಂತ ಮೂಗು ಮುರಿದಿದ್ದೆ.

ನಾನು ಯಾರ ಬಾಯಿಯನ್ನೂ ಕಟ್ಟಿಲ್ಲ. ಮಗುವಿನ ಒಳ್ಳೆಯದಕ್ಕೆ ಒಂದು ನಿಯಮ ಮಾಡಿದೆ.

ಅಜ್ಜಿಯ ಆ ಸೊಂಟಪಟ್ಟಿ ನನ್ನ ಪೆಟ್ಟಿಗೆಯಲ್ಲೇ ಇದೆ. ಕಪ್ಪಾಗಿದೆ.

ಫೆಬ್ರವರಿ 23

ಸೊಂಟಪಟ್ಟಿಗೆ ಬೂದಿ ಹಾಕಿ ಉಜ್ಜಿದೆ. ಫುಮಿಯೆ ಪಾತ್ರೆ ತೊಳೆಯುತ್ತಿದ್ದಳು. ಒದ್ದೆ ಕೈಗೇ ಇಟ್ಟೆ. “ಹಿಡ್ಕೋ. ಮಾತಾಡು. ನಿನ್ನ ಭಾಷೆನೋ, ನಮ್ಮ ಭಾಷೆನೋ, ಬೆಕ್ಕಿನ ಭಾಷೆನೋ. ಈ ಸದ್ದಿಲ್ಲದ ಮನೇಲಿ ನನಗೆ ಹುಚ್ಚು ಹಿಡೀತಿದೆ.”

ಅದು ಏನು ಎಂದು ಅವಳಿಗೆ ತಕ್ಷಣ ಗೊತ್ತಾಯಿತು. ನಮ್ಮ ಅಜ್ಜಿಯರ ಬಗ್ಗೆ ನಮಗಿಂತ ಹೆಚ್ಚು ಓದಿಕೊಂಡಿದ್ದಾಳಲ್ಲ. ಕ್ಷಮೆ ಕೇಳಲು ಬಾಯಿ ತೆರೆದಳು. ಕ್ಷಮೆ ಕೇಳಿದರೆ ಪಟ್ಟಿ ವಾಪಸ್ ತಗೊಳ್ಳುತ್ತೇನೆ ಎಂದೆ.

ಆಮೇಲೆ ಮಾತಾಡಿದಳು. ಇವಳದು ಪರದೆ ಎಳೆದ ಮನೆ ಅಂತೆ!

“ಅತ್ತೆ, ಐದು ವರ್ಷದಿಂದ ಆ ಬಾಗಿಲಲ್ಲಿ ‘ಹೋಗಿ ಬರ್ತೀನಿ’ ಅಂತಿದ್ದೀನಿ. ಈ ಮನೇಲಿ ಒಬ್ರೂ ‘ಹೋಗಿ ಬಾ’ ಅಂದಿಲ್ಲ.”

“ಅನ್ನಿ ಅಂತ ಕೇಳ್ಬಾರ್ದಿತ್ತಾ?”

“ಕೇಳಿ ಇಸ್ಕೊಳ್ಳೋ ಮಾತಲ್ಲ ಅತ್ತೆ ಅದು.”

ನಲ್ಲಿ ಸುಮ್ಮನೆ ಹರಿಯುತ್ತಿತ್ತು. ನಿಲ್ಲಿಸಿದೆ. ನೀರೇನು ಪುಕ್ಕಟೆ ಬರುತ್ತದೆಯೇ.

ಮಾರ್ಚ್ 2

ಇತ್ತೆರಶ್ಶಾಯ್. ‘ಹೋಗಿ ಬಾ’ ಅನ್ನಲು ಇಷ್ಟು ಉದ್ದ. ಪಾಠಕ್ಕೆ ಹೊರಡುವ ಸೊಸೆಗೆ ದಿನವೂ ಹೇಳುತ್ತಿದ್ದೇನೆ, ಬಾಗಿಲಲ್ಲಿ ನಿಂತು, ಅಲಾರಂ ಇಟ್ಟ ಹಾಗೆ. ನಾರೆ ನನ್ನ ಲಂಗ ಹಿಡಿದು ನನ್ನ ಬಾಯನ್ನೇ ನೋಡುತ್ತಾಳೆ. ಮೆಟ್ಟಿಲಲ್ಲಿದ್ದ ಅಜ್ನಿವ್ ಕೇಳಿಸಿಕೊಂಡು, “ಶೀತ ಆಗಿದ್ಯೇನೇ, ಹಂಗೆ ಸೀನ್ತೀಯ?” ಎಂದಳು.

ಇನ್ನೊಂದಿದೆ, ಬಂದವರಿಗೆ ಹೇಳುವುದು. ಅದು ಬಾಯಲ್ಲಿ ನಿಲ್ಲುವುದೇ ಇಲ್ಲ.

ಮನೆಯಲ್ಲಿ ಮತ್ತೆ ಜಪಾನಿ ಲಾಲಿ. ತಾಯಿ ಹಾಡುತ್ತಾಳೆ, ನಗಿಸುತ್ತಾಳೆ. ಮಗು ನಗುತ್ತದೆ. ಮಾತಿಲ್ಲ. ಶಿಶುವಿಹಾರದಿಂದ ಮತ್ತೆ ಫೋನ್. ಎತ್ತಲಿಲ್ಲ.

ಮಾರ್ಚ್ 11, ಸೋಮವಾರ

ಅಜ್ನಿವ್‌ಳನ್ನು ಮಗುವಿನ ಜೊತೆ ಕೂರಿಸಿ ಬ್ರೆಡ್ ತರಲು ಹೊರಟೆ. ಬೂಟು ಹಾಕಿದೆ. ರೂಢಿಯಂತೆ ‘ಹೋದೆ’ ಎಂದೆ. ಮೆಟ್ಟಿಲಿಗೆ ಕಾಲಿಟ್ಟೆ. ಹಿಂದಿನಿಂದ —

“ಇತ್ತೆರಶ್ಶಾಯ್, ತಾತಿ.”

ಕಂಬಿ ಹಿಡಿದುಕೊಂಡೆ.

ನಾರೆ. ಹೊಸ್ತಿಲಲ್ಲಿ. ಬರಿಗಾಲಲ್ಲಿ.

ಮೂರು ವರ್ಷ ಎತ್ತಿ ಆಡಿಸಿದ್ದು ನಾನು, ಒಂದೊಂದು ಅಕ್ಷರ ತೋರಿಸಿ ಬಾಯಿ ಒಣಗಿಸಿಕೊಂಡದ್ದು ನಾನು. ಬಾಯಿ ಬಿಟ್ಟರೆ ಜಪಾನಿ. ಮೊದಲು ಸಿಟ್ಟೇ ಬಂತು. ಬರೆಯುವುದರಲ್ಲಿ ಸುಳ್ಳೇಕೆ. ಆಮೇಲೆ ಮಿಕ್ಕರ್ಧ ಕಿವಿಗೆ ಬಿತ್ತು. ತಾತಿ. ಅದು ನಮ್ಮದು. ಗ್ಯುಮ್ರಿಯ ಮಕ್ಕಳೆಲ್ಲ ಅಜ್ಜಿಯನ್ನು ಕರೆಯುವುದು ಹಾಗೇ.

ಬ್ರೆಡ್ ತರಲಿಲ್ಲ. ಇವತ್ತು ಯಾರೂ ಬ್ರೆಡ್ ತಿನ್ನಬೇಕಾಗಿಲ್ಲ.

ಅದೇ ದಿನ, ಸಂಜೆ

ಗೆಘಾಮ್‌ಗಾಗಲಿ ಫುಮಿಯೆಗಾಗಲಿ ಫೋನ್ ಮಾಡಿಲ್ಲ. ಮನೆಗೆ ಬಂದು ತಮ್ಮ ಕಿವಿಯಿಂದಲೇ ಕೇಳಲಿ. ನಾರೆ ಮಧ್ಯಾಹ್ನದಿಂದ ಬಾಗಿಲ ಹತ್ತಿರವೇ ಕೂತಿದ್ದಾಳೆ. ಬೆಕ್ಕು ಹೊರಗೆ ಹೋದರೂ ಹೇಳುತ್ತಾಳೆ, ಒಳಗೆ ಬಂದರೂ ಇನ್ನೊಂದು ಹೇಳುತ್ತಾಳೆ. ತಲೆ ಚಿಟ್ಟು ಹಿಡಿದಿದೆ.

ಮೆಟ್ಟಿಲಲ್ಲಿ ಹೆಜ್ಜೆ. ಫುಮಿಯೆಯದೇ, ಹಗುರ. ಬಂದವರಿಗೆ ಹೇಳುವ ಆ ಮಾತು... ಒ... ಒಕಾ... ಹಾಳಾದ್ದು, ನಾಲಿಗೆ ತುದಿಯಲ್ಲೇ ಇದೆ. ಬೀಗ ತಿರುಗಿತು. ನಾರೆಯನ್ನೇ ಕೇಳ—