ಗೋಡೆಯಲ್ಲಿದ್ದ ತಾಯಿ ಮಗಳು

ಎವಿಯಾ ದ್ವೀಪ
೧೪ ಆಗಸ್ಟ್ ೧೯೮೩

ಪ್ರೀತಿಯ ಅಮ್ಮನಿಗೆ,

ಅತ್ತಿಗೆ ಇದನ್ನು ಓದಿ ಹೇಳುವಾಗ ನೀನು ಅಳಬಾರದು. ನಾನು ಚೆನ್ನಾಗಿದ್ದೇನೆ. ಟೆಲಿಫೋನ್ ಕಂಬಗಳೆಲ್ಲ ಸುಟ್ಟುಹೋಗಿವೆ, ಅದಕ್ಕೇ ಈ ಪತ್ರ.

ಬೆಂಕಿ ಪೈನ್ ಕಾಡಿನಿಂದ ನೇರ ಊರಿಗೇ ಇಳಿಯಿತು. ಎಲ್ಲರೂ ಬಂದರಿಗೆ ಓಡಿದರು. ನಾನು ಮಾತ್ರ ಮ್ಯೂಸಿಯಂನಲ್ಲೇ ಉಳಿದೆ. ಕಾವಲುಗಾರ್ತಿ ಎಂಬ ಕಾರಣಕ್ಕಲ್ಲ. ಅಪ್ಪ ದ್ರಾಕ್ಷಿ ತೋಟ ಅಗೆಯುವಾಗ ಸಿಕ್ಕ ಕಲ್ಲು ಅಲ್ಲಿತ್ತಲ್ಲ, ಕುರ್ಚಿಯ ಮೇಲೆ ಕೂತ ತಾಯಿ ನಿಂತ ಮಗಳ ಕೈ ಹಿಡಿದು ಬೀಳ್ಕೊಳ್ಳುವ ಆ ಗೋರಿಗಲ್ಲು. ಗೋಡೆಗೆ ಬಿಗಿದದ್ದನ್ನು ಕೀಳಲಾಗದು. ಕಾವು ಜೋರಾದರೆ ಅಮೃತಶಿಲೆ ಸುಣ್ಣವಾಗಿ ಉದುರುತ್ತದೆ.

ಕಂಬಳಿ ನೆನೆಸುತ್ತಿದ್ದೆ. ಆಗ ಸ್ಟ್ರಾಟಿಸ್ ಬಂದ. ಹೌದು, ಅವನೇ, ನಿನ್ನ ಅಳಿಯ. ನಮ್ಮ ಮನೆ ಬಿಟ್ಟು ಹೋದ ಮೇಲೆ ಆಚೆ ಗುಡ್ಡದಲ್ಲಿ ಪೈನ್ ಮರದ ಅಂಟು ಇಳಿಸುವ ಕೆಲಸ ಮಾಡುತ್ತಿದ್ದನಂತೆ.

"ಥೆಕ್ಲಾ, ಹುಚ್ಚು ಹಿಡಿದಿದ್ಯಾ? ಕೊನೇ ದೋಣಿ ಹೊರಡ್ತಾ ಇದೆ, ಬಾ!" ಎಂದು ಕೂಗಿದ.

"ನೀನು ಹೋಗು. ಬಿಟ್ಟು ಹೋಗೋದು ನಿಂಗೆ ಚೆನ್ನಾಗಿ ಬರುತ್ತಲ್ಲ," ಎಂದೆ.

ಅವನು ದೋಣಿಯ ಕಡೆ ಹೋಗಲಿಲ್ಲ. ಅಂಗಳದಲ್ಲಿ ಕಟ್ಟಡದ ಕೆಲಸಕ್ಕೆ ತಂದಿಟ್ಟಿದ್ದ ಮರಳಿನ ಚೀಲವೊಂದನ್ನು ಹೆಗಲಿಗೇರಿಸಿ ಒಳಗೆ ಬಂದ. ಕಲ್ಲಿಗೆ ಒದ್ದೆ ಕಂಬಳಿ ಹೊದಿಸಿ, ಅದರ ಮುಂದೆ ಚೀಲ ಪೇರಿಸಿದೆವು. ಕಿಟಕಿಯ ಗಾಜು ಸಿಡಿಯತೊಡಗಿತು. ಹೊಗೆಯಲ್ಲಿ ಅವನ ಕೆಮ್ಮು ಕೇಳಿಸುತ್ತಿತ್ತು, ಮುಖ ಕಾಣುತ್ತಿರಲಿಲ್ಲ. "ಸಾಕು ಕಣೋ, ಬಾ," ಎಂದೆ. "ಇನ್ನೊಂದು ಚೀಲ ಕಣೇ," ಎಂದ. ಅಷ್ಟರಲ್ಲಿ ಮಾಡು ಕುಸಿಯಿತು. ನಾನು ಮೊದಲೇ ಹೊರಗೆ ಬಂದಿದ್ದೆ. ಅವನೂ ಹೇಗೋ ಬಂದ. ಇಬ್ಬರೂ ಓಡಿಹೋಗಿ ಕುತ್ತಿಗೆಯವರೆಗೆ ಸಮುದ್ರದಲ್ಲಿ ನಿಂತೆವು.

ಇವತ್ತು ಸೈನಿಕರು ಮರಳು ಸರಿಸಿದರು. ತಾಯಿಯ ಮೂಗಿನ ತುದಿ ಹೋಗಿದೆ, ಮಗಳ ನಿಲುವಂಗಿಯ ಅಂಚು ಕಪ್ಪಾಗಿದೆ. ಹಿಡಿದ ಕೈಗಳು ಹಾಗೇ ಇವೆ, ಅಮ್ಮ.

ಸ್ಟ್ರಾಟಿಸ್ ವಿಷಯ ಏನೂ ಕೇಳಬೇಡ. ನಾಳೆ ಮಾತೆ ಮರಿಯಳ ಹಬ್ಬ. ನನ್ನ ಹೆಸರಿನಲ್ಲೂ ಒಂದು ಮೇಣದಬತ್ತಿ ಹಚ್ಚು.

ನಿನ್ನ ಕೈಗೆ ಮುತ್ತಿಡುತ್ತಾ,
ಥೆಕ್ಲಾ

ತಾ.ಕ.: ಅತ್ತೆ, ಮೇಲಿನದನ್ನೆಲ್ಲ ಅವಳು ಹೇಳಿದಳು, ಬರೆದವನು ನಾನು, ಸ್ಟ್ರಾಟಿಸ್. ಈಗ ಅವಳಿಗೆ ನಿದ್ದೆ ಬಂದಿದೆ, ಅದಕ್ಕೇ ಇಷ್ಟನ್ನು ಸೇರಿಸುತ್ತಿದ್ದೇನೆ. ನಾನು ಹೇಗೋ ಬಂದದ್ದಲ್ಲ. ಉರಿಯುವ ತೊಲೆ ಬಾಗಿಲಿಗೆ ಅಡ್ಡ ಬಿದ್ದಿತ್ತು, ನಾನು ಒಳಗೆ ಸಿಕ್ಕಿಕೊಂಡಿದ್ದೆ. ಅವಳು ಬರಿಗೈಯಲ್ಲಿ ಅದನ್ನು ಎಳೆದು ಹಾಕಿದಳು. ಎರಡೂ ಕೈಗೆ ಬ್ಯಾಂಡೇಜು ಕಟ್ಟಿದ್ದಾರೆ, ಬೆರಳು ಉಳಿಯುತ್ತವೆ ಎಂದಿದ್ದಾರೆ ಡಾಕ್ಟರು. ಊಟ ನಾನೇ ಮಾಡಿಸುತ್ತಿದ್ದೇನೆ. ಬೈಯುತ್ತಾಳೆ, ಆದರೂ ಬಾಯಿ ತೆರೆಯುತ್ತಾಳೆ.