ಮಟ್ಟಿಗೆ ಬಿದ್ದ ಕತ್ತರಿ

ಮೇಷ್ಟ್ರೇ,

ನೀವು ತೀರಿಕೊಂಡು ಎರಡು ವರ್ಷವಾಯಿತು. ಈ ಕಾಗದ ನಿಮಗೆ ಮುಟ್ಟುವುದಿಲ್ಲ ಎಂದು ಗೊತ್ತು. ಆದರೂ ಇವತ್ತಿನ ಸುದ್ದಿ ನಿಮಗೆ ಹೇಳದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ.

ನಮ್ಮ ಭಾನುವಾರದ ಸಂಗೀತ ಕೂಟದಲ್ಲಿ ನೀವು ಮಾಡಿಟ್ಟ ನಿಯಮ ಇನ್ನೂ ಇದೆ. ಮಟ್ಟು ಕಟ್ಟಿದವನು ತಾನೇ ನುಡಿಸಬಾರದು, ಬೇರೆಯವರು ನುಡಿಸುವಾಗ ಬಾಯಿ ಬಿಡಬಾರದು. ಒಂಬತ್ತು ವರ್ಷದ ಹಿಂದಿನ ನನ್ನ ಮಟ್ಟನ್ನು ಇವತ್ತು ಕೊಳಲನ್ನೇ ಕಸುಬು ಮಾಡಿಕೊಂಡಿರುವ ಹುಡುಗಿಗೆ ಕೊಟ್ಟೆ. ಮೂರನೆಯ ಸಾಲಿನಲ್ಲಿ ಅವಳು ಕೆಮ್ಮಿ ನಿಲ್ಲಿಸಿದಳು.

"ಮಾವ, ಇಲ್ಲಿ ಉಸಿರು ತಗೊಳ್ಳೋಕೆ ಜಾಗ ಎಲ್ಲಿದೆ? ನನ್ನ ಸಾಯಿಸ್ಬೇಕು ಅಂತಾನೇ ಕಟ್ಟಿದ್ದೀರಾ?"

ಎಲ್ಲರೂ ನಕ್ಕರು. ನನಗೆ ನಿಮ್ಮ ದನಿ ಕೇಳಿಸಿತು. "ಏ ಟೈಲರ್, ಬಟ್ಟೆಗೆ ಹಾಕೋ ಕತ್ತರೀನ ಮಟ್ಟಿಗೂ ಹಾಕಯ್ಯ. ಆ ಸಾಲು ತೆಗೆದುಬಿಡು" ಎಂದು ಅವತ್ತು ನೀವು ಹೇಳಿದ್ದು ಇದೇ ಸಾಲಿಗೆ. "ನಿಮಗೆ ಹೊಟ್ಟೆಕಿಚ್ಚು" ಎಂದು ಹಾಳೆ ಕಿತ್ತುಕೊಂಡು ಹೋದ ನಾನು, ನೀವಿರುವವರೆಗೆ ಕೂಟದ ಕೋಣೆಗೆ ಕಾಲಿಡಲಿಲ್ಲ.

ಇವತ್ತು ಆ ಸಾಲನ್ನು ಹೊಡೆದುಹಾಕಿದೆ. ಅವಳು ಮತ್ತೆ ನುಡಿಸಿದಳು. ಕಟ್ಟಿದ ನನಗೇ ಗೊತ್ತಿಲ್ಲದ ಚೆಂದ ಅದರೊಳಗಿತ್ತು, ಮೇಷ್ಟ್ರೇ! ಯಾರನ್ನೂ ಹೊಗಳದ ನಮ್ಮ ತಬಲಾದವನು ಕೂಡ "ಇನ್ನೊಂದ್ಸಲ ಆಗ್ಲಿ" ಅಂದ.

ಕೊನೆಗೆ ಹಾಳೆಯಲ್ಲಿ 'ಕಟ್ಟಿದವರು' ಎಂಬಲ್ಲಿ ನನ್ನ ಹೆಸರು ಬರೆದೆ. 'ತಿದ್ದಿದವರು' ಎಂಬಲ್ಲಿ ತನ್ನ ಹೆಸರು ಬರೆಯಲು ಅವಳು ಪೆನ್ನು ಕೇಳಿದಳು.

"ತಡಿ ತಾಯಿ," ಎಂದೆ. "ಆ ಜಾಗದಲ್ಲಿ ಒಬ್ಬರು ಆಗ್ಲೇ ಕೂತಿದ್ದಾರೆ."

ನಿಮ್ಮ ಹೆಸರನ್ನು ನಿಧಾನವಾಗಿ, ಒಂದು ಅಕ್ಷರವೂ ಅಲುಗದಂತೆ ಬರೆದೆ.