ಕೊಡಲಿಗೆ ಹೊಸ ಕಾವು

ಮಟಕಿ
ಮಂಗಳವಾರ, 21 ಜನವರಿ 2025

ಪ್ರೀತಿಯ ತಂಗಿ ಮೆಹನಾಜಳಿಗೆ ನಿನ್ನ ಅಣ್ಣ ಮಸೂದನ ಸಲಾಮು.

ನೀವೆಲ್ಲ ಆರಾಮವಾಗಿದ್ದೀರೆಂದು ನಂಬಿದ್ದೇನೆ. ನೀನು ಮೂರು ಸಲ ಫೋನು ಮಾಡಿದರೂ ಎತ್ತಲಿಲ್ಲ, ತಪ್ಪಾಯಿತು. ಕೈಯಲ್ಲಿ ಕೊಡಲಿ ಮಸೆಯುವ ಅರ ಇತ್ತು ಅಂದರೆ ನಗುತ್ತೀ, ಆದರೆ ಈ ಸಲ ನಿಜಕ್ಕೂ ಇತ್ತು. ಪಕ್ಕದ ಹೊಲದ ಜಗದೇವಪ್ಪನವರು ನಾಳೆ ಅಫಜಲಪುರಕ್ಕೆ ಬರುವವರಿದ್ದಾರೆ, ಅವರ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ಅಬ್ಬಾ ಮುಕ್ರಮನನ್ನು ಮನೆಗೆ ಕರೆದಿದ್ದಾರೆ. ಹೌದು, ನಿನ್ನ ಗಂಡನನ್ನೇ! ಹೋದ ಬೇಸಿಗೆಯಲ್ಲಿ ಒಣಗಿದ ಬೇವಿನ ಮರ ಕಡಿಯುವಾಗ ಅವನ ಕೈಯಲ್ಲಿದ್ದ ಕೊಡಲಿಯ ತಲೆ ಕಳಚಿ ಹಾರಿ ಅಬ್ಬಾನ ಮೊಣಕಾಲಿಗೆ ಬಡಿಯಿತಲ್ಲ, ಅಂದಿನಿಂದ ಅವನ ಪಾಲಿಗೆ ಈ ಬಾಗಿಲು ಮುಚ್ಚಿತ್ತು. ಈಗ ಶುಕ್ರವಾರ ನಮಾಜು ಮುಗಿಸಿ ಎಲ್ಲರೂ ಒಟ್ಟಿಗೆ ಊಟ ಮಾಡಬೇಕಂತೆ. "ಅದೇ ಕೊಡಲಿಗಿ ಹೊಸ ಕಾವು ಹಾಕು. ಅವನ ಕೈಗೇ ಕೊಡ್ತೇನಿ. ನಾ ಮಾಫ್ ಮಾಡೇನಿ ಅಂತ ಮಂದಿಗಿ ತಿಳೀಲಿ" ಎಂದರು.

ಹಾಗಾಗಿ ನಾಲ್ಕು ದಿನದಿಂದ ನನಗೆ ಇದೇ ಕೆಲಸ. ಕೊಡಲಿ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದು ತುಕ್ಕು ಹಿಡಿದಿತ್ತು. ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ, ಅರದಿಂದ ಉಜ್ಜಿ ಬಾಯಿ ಹರಿತ ಮಾಡಿದೆ. ಹಿಡಿಕೆಗೆಂದು ಒಣ ಜಾಲಿಯ ತುಂಡು ಕೆತ್ತಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿ, ಅಗಸಿ ಎಣ್ಣೆ ಕುಡಿಸಿದೆ. ನೀನು ನೋಡಿದ್ದರೆ, ನನಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತೆಂದು ಬೆರಗಾಗುತ್ತಿದ್ದೆ.

ತಾಳ್ಮೆಯಲ್ಲ ತಂಗಿ, ಅಂಜಿಕೆ. ಅಬ್ಬಾ ಹೊರಸಿನ ಮೇಲೆ ಬಡಿಗೆ ಊರಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

"ಹಳೇ ಕಾವು ಎಲ್ಲಿ ಅದ?"

"ಒಲಿಗಿ ಹಾಕಿದೆನ್ರಿ ಅಬ್ಬಾ."

"ಯಾವಾಗ?"

"ಅವತ್ತೇ."

"ನನಗ ದವಾಖಾನಿಗಿ ಒಯ್ಯಾಕತ್ತಾಗ, ನಿನಗ ಕಾವು ಸುಡಾಕ ಪುರುಸೊತ್ತು ಸಿಕ್ತು?"

ನಾನು ಕೊಡಲಿಯ ತೂತಿಗೆ ಕಾವು ಸೇರಿಸಿ ಬೆಣೆ ಬಡಿಯತೊಡಗಿದೆ. ಎರಡು ಏಟು ಬೆರಳಿಗೇ ಬಿದ್ದವು.

"ಬೆಣಿ ಗಟ್ಟಿ ಕೂಡಿಸು. ನೀರಾಗ ನೆನಿಸಿ ಬಿಗಿ ಮಾಡೋ ಕಳ್ಳ ಕೆಲಸ ಬ್ಯಾಡ. ಕಟ್ಟಿಗಿ ಒಣಗಿತಂದ್ರ ಸಡಲ ಆಗ್ತದ, ತಲಿ ಹಾರ್ತದ" ಎಂದರು ಅಬ್ಬಾ. ಸುಮ್ಮನೆ ಅಂದರೋ, ನನಗೇ ಅಂದರೋ ತಿಳಿಯಲಿಲ್ಲ. ಆಮೇಲೆ ಚಹಾ ಕೇಳಿದರು, ಕುಡಿದು ಮಲಗಿದರು.

ಮಕ್ಕಳಿಗೆ ನನ್ನ ಮುತ್ತು. ಬಸ್ಸಿನಲ್ಲಿ ಗಾಳಿ ತಣ್ಣಗಿರುತ್ತದೆ, ಕಿವಿಗೆ ಬಟ್ಟೆ ಕಟ್ಟಿಯೇ ಕರೆತಾ. ಅಲ್ಲಾಹ್ ನಿಮ್ಮ ಮನೆಯನ್ನು ತಂಪಾಗಿಡಲಿ.

ನಿನ್ನ ಅಣ್ಣ,
ಮಸೂದ

ತಾ.ಕ.: ಪತ್ರ ಮಡಚಿಟ್ಟವನು ಮತ್ತೆ ಬಿಚ್ಚಿದ್ದೇನೆ. ಮರ ಕಡಿಯುವ ಹಿಂದಿನ ದಿನವೇ ಆ ಕೊಡಲಿ ಸಡಿಲಾಗಿತ್ತು. ಬೆಣೆ ಬದಲಿಸಲು ಬೇಸರವಾಗಿ ನಾನೇ ಅದನ್ನು ದನ ನೀರು ಕುಡಿಯುವ ತೊಟ್ಟಿಯಲ್ಲಿ ಮುಳುಗಿಸಿಟ್ಟಿದ್ದೆ. ಮರುದಿನ ಬಿಸಿಲಿಗೆ ಒಣಗಿತು. ಮುಕ್ರಮ ಎತ್ತುವ ಮೊದಲು ಕೇಳಿದ್ದ, "ಭಾಯಿ, ಇದು ಅಳ್ಳಾಡಾಕತ್ತದಲ್ರಿ?" ಅಂತ. "ಏನೂ ಆಗಂಗಿಲ್ಲ, ಹೊಡಿ" ಎಂದವನು ನಾನು. ಅಬ್ಬಾ ಬಿದ್ದಾಗ "ಕೊಡಲಿ ಹಿಡಿಯಾಕ ಬರಲಾರದವ ಯಾಕ ಮುಟ್ಟಿದಿ?" ಎಂದು ಎಲ್ಲರೆದುರು ಮೊದಲು ಕೂಗಿದವನೂ ನಾನೇ. ಅವನು ನನ್ನ ಮುಖ ನೋಡಿ ತಲೆ ತಗ್ಗಿಸಿದ. ಇವತ್ತಿನವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ, ನಿನಗೂ ಹೇಳಿರಲಿಕ್ಕಿಲ್ಲ. ಶುಕ್ರವಾರ ಅಬ್ಬಾ ಮಾಫ್ ಮಾಡಿದರೆ ಅದನ್ನೂ ತಲೆ ತಗ್ಗಿಸಿಯೇ ತೆಗೆದುಕೊಳ್ಳುತ್ತಾನೆ. ಹಾಗಾಗಲು ಬಿಡಬೇಡ. ಊಟಕ್ಕೆ ಕೂರುವ ಮೊದಲು ನಾನೇ ಹೇಳಬೇಕೆಂದಿದ್ದೇನೆ. ನನ್ನ ಬಾಯಿ ಏಳದಿದ್ದರೆ, ನೀನು ಎದ್ದು ನಿಂತು ಈ ಪತ್ರವನ್ನು ಎಲ್ಲರಿಗೂ ಕೇಳುವಂತೆ ಓದು.